ಎಡಗಡೆ ಸೀಟಿಲ್ಲದ ಕಾರು

ಅಥವಾ ಆ ತಿರುವು ಎಡಕ್ಕೇ ಇತ್ತೋ ಏನೋ. ಇಷ್ಟು ವರ್ಷ ಬಲಕ್ಕೆ ಎಂದೇ ಹೇಳುತ್ತ ಬಂದಿದ್ದೇನೆ. ರ‍್ಯಾಲಿಯ ಓಟದಲ್ಲಿ, ಯಡ್ರಾಮಿ ದಾಟಿದ ಮೇಲೆ, ಒಣಗಿದ ಹಳ್ಳಕ್ಕೆ ಇಳಿಯುವ ಮುಂಚೆ, ಮುಂದೆ ಹೋದ ಕಾರಿನ ಧೂಳು ಗಾಜಿಗೆ ಮೆತ್ತಿಕೊಂಡು ಎದುರಿನ ದಾರಿಯೇ ಮಾಯವಾದ ಜಾಗ ಅದು. ನಾನು "ಕುಡುಗೋಲು ಬಲ, ಕುಡುಗೋಲು ಬಲ" ಎಂದು ಕೂಗಿದೆ. ಕಾರು ಓಡಿಸುತ್ತಿದ್ದ ಶರಣಪ್ಪ ಸ್ಟೇರಿಂಗ್ ತಿರುಗಿಸಿದ. ಕಾರು ಹಳ್ಳದ ದಂಡೆಗೆ ಹಿಂದಿನ ಗಾಲಿ ತಾಗಿಸಿ, ವಾಲಿ, ಮತ್ತೆ ದಾರಿಗೆ ಬಂತು. ನಾವು ಬದುಕಿದೆವು. ಈ ಕಥೆಯನ್ನು ಎಷ್ಟು ಜನಕ್ಕೆ ಹೇಳಿದ್ದೇನೋ. ಮೊನ್ನೆ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಹೋದೆ. ತಿರುವು ಎಡಕ್ಕಿದೆ.

ರಸ್ತೆಯನ್ನೇ ಬದಲಿಸಿರಬಹುದು. ಅಥವಾ ಆ ದಿನ ನಾವು ಎದುರು ದಿಕ್ಕಿನಿಂದ ಬಂದಿರಬಹುದು. ಆಗ ಎಡವೇ ಬಲ. ಅಥವಾ ನಾನು ಎಡ ಎಂದೇ ಕೂಗಿದ್ದು, ಆಮೇಲೆ ಹೇಳಿ ಹೇಳಿ ಬಲವಾಗಿರಬಹುದು. ಇನ್ನೂ ಒಂದು ಸಾಧ್ಯತೆ ಇದೆ. ನಾನು ಏನು ಕೂಗಿದರೂ ಶರಣಪ್ಪನಿಗೆ ಅದು ಕೇಳಿಸಿರಲಿಕ್ಕಿಲ್ಲ. ಅವನು ತನ್ನ ಕಣ್ಣು ಕೈಗಳಿಂದಲೇ ತಿರುಗಿಸಿರಬಹುದು. ಹಾಗಿದ್ದರೆ ನಾನು ಇಷ್ಟು ವರ್ಷ ಆ ಕಾರಿನಲ್ಲಿ ಕೂತು ಮಾಡಿದ್ದಾದರೂ ಏನು? ರ‍್ಯಾಲಿ ಕಾರಿನಲ್ಲಿ ಕೂತು ದಾರಿ ಹೇಳುವ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಅನುಭವ ಬರೆದುಕೊಡಿ ಎಂದು ರ‍್ಯಾಲಿ ನಡೆಸುವವರು ಕೇಳಿದ್ದಾರೆ. ಬರೆಯಲು ಕೂತರೆ ನನಗೆ ಇದೊಂದೇ ಪ್ರಶ್ನೆ ಎದುರಾಗುತ್ತಿದೆ.

ನನ್ನ ದುಡಿಮೆಯೆಲ್ಲ ಎಡಗಡೆ ಸೀಟಿನಲ್ಲೇ ಕಳೆಯಿತು. ಆಳಂದದಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲು ಇತ್ತು. ಕಲಿಯುವವರು ಬಲಕ್ಕೆ, ನಾನು ಎಡಕ್ಕೆ. ನನ್ನ ಕಾಲ ಕೆಳಗೂ ಒಂದು ಬ್ರೇಕು. ಕೊಳಕೂರಿನ ಶರಣಪ್ಪ ಲೈಸೆನ್ಸಿಗೆಂದು ಅಲ್ಲಿಗೆ ಬಂದ. ಅವನ ಅಕ್ಕನ ಮನೆ ಆಳಂದದಲ್ಲಿತ್ತು. ಆಗಿನ್ನೂ ಮದುವೆಯಾಗದ ತರುಣ, ಮನೆಯಲ್ಲಿ ತೊಗರಿ ಬೆಳೆಯುವ ಎರೆ ಹೊಲ.

"ಗಾಡಿ ಹೊಡ್ದು ಗೊತ್ತದ ಏನಪ್ಪ?" ಎಂದೆ.

"ಟ್ರ್ಯಾಕ್ಟರ್ ಹೊಡೀತೇನ್ರಿ ಮಾಸ್ತರ. ಕಾರು ಅದ್ಕಿಂತ ಸಣ್ಣದೇ ಅದ ಅಲ್ರಿ?"

ಊರು ದಾಟುತ್ತಲೇ ಅವನು ಎಷ್ಟು ಜೋರಾಗಿ ಬಿಟ್ಟನೆಂದರೆ ನಾನು ನನ್ನ ಬ್ರೇಕನ್ನು ನೆಲಕ್ಕೆ ಒತ್ತಿಬಿಟ್ಟೆ. ಕಾರು ಮೂಗು ಬಾಗಿಸಿ ನಿಂತಿತು.

"ತುಳದವ್ರು ಯಾರ್ರಿ?"

"ನಾನೇ."

ಅವನಿಗೆ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿದುಕೊಳ್ಳುವ ಆಸೆ ಇತ್ತು. "ನೀವು ಆ ಕಡಿ ಕೂಡೂದು ತಡೀಲಿಕ್ಕೇನ್ರಿ, ಹೇಳ್ಲಿಕ್ಕೇನ್ರಿ?"

ಡ್ರೈವಿಂಗ್ ಸ್ಕೂಲಿನಲ್ಲಿ ತಡೆಯಲಿಕ್ಕೆ. ರ‍್ಯಾಲಿಯಲ್ಲಿ ಹೇಳಲಿಕ್ಕೆ. ಮುಂದೆ ಅವನು ಹಳೆಯ ಜಿಪ್ಸಿ ಗಾಡಿಯೊಂದನ್ನು ಕೊಂಡು ರ‍್ಯಾಲಿಗೆ ಹೊರಟಾಗ, "ಮಾಸ್ತರ, ಎಡಕ ನೀವs ಕೂಡ್ಬೇಕು" ಎಂದು ನನ್ನನ್ನೇ ಕರೆದ. ಆ ಗಾಡಿಯಲ್ಲಿ ನನ್ನ ಕಾಲಿಗೆ ಬ್ರೇಕು ಇರಲಿಲ್ಲ. ಆದರೂ ಕಾಲು ತುಳಿಯುತ್ತಲೇ ಇತ್ತು.

ರ‍್ಯಾಲಿ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಒಂದೊಂದೇ ಕಾರು ಬಿಡುತ್ತಾರೆ, ನಡುವೆ ಅಂತರ ಬಿಟ್ಟು. ಜನ ಓಡಾಡದಂತೆ ಮುಚ್ಚಿದ ಹೊಲದ ದಾರಿ, ಗರಸಿನ, ಅಂದರೆ ಸಣ್ಣ ಕಲ್ಲುಮಣ್ಣಿನ, ದಾರಿಗಳಲ್ಲಿ ಅದು ಗಡಿಯಾರದ ವಿರುದ್ಧ ಓಡುತ್ತದೆ. ಎದುರಾಳಿ ಕಣ್ಣಿಗೆ ಬೀಳುವುದಿಲ್ಲ. ಡ್ರೈವರಿಗೆ ತಿರುವಿನಾಚೆ ಏನಿದೆಯೆಂದು ಗೊತ್ತಿರುವುದಿಲ್ಲ; ಎಡಗಡೆ ಕೂತವನು ಮುಂಚೆಯೇ ದಾರಿ ನೋಡಿ ಬರೆದುಕೊಂಡದ್ದನ್ನು ಓದಿ ಹೇಳುತ್ತಾನೆ. ಅವನನ್ನು ನ್ಯಾವಿಗೇಟರ್ ಎನ್ನುತ್ತಾರೆ. ಡ್ರೈವರು ಕಂಡದ್ದಕ್ಕಿಂತ ಕೇಳಿದ್ದನ್ನು ಹೆಚ್ಚು ನಂಬಬೇಕು. ಕಣ್ಣು ಈ ತಿರುವಿನಲ್ಲಿ, ಕಿವಿ ಮುಂದಿನ ತಿರುವಿನಲ್ಲಿ. ಜಗತ್ತಿನಲ್ಲಿ ಬೇರೆಲ್ಲಿಯಾದರೂ ಒಬ್ಬ ಮನುಷ್ಯ ಇನ್ನೊಬ್ಬನ ಮಾತನ್ನು ಅಷ್ಟು ನಂಬುತ್ತಾನೋ ಇಲ್ಲವೋ ನನಗೆ ಅನುಮಾನ.

ನಮ್ಮ ಓದು ನಮ್ಮದೇ ರೀತಿಯದು. ಪೂರ್ತಿ ಮಡಚಿಕೊಳ್ಳುವ ತಿರುವು ಕುಡುಗೋಲು. ಅರ್ಧ ಬಾಗಿದ್ದು ಎತ್ತಿನ ಕೋಡು. ನೇರ ದಾರಿ ಹಗ್ಗ. ವೇಗ ಇಳಿಸಬೇಡ ಎನ್ನುವುದಕ್ಕೆ ಬಿಡಬ್ಯಾಡ. "ಹಗ್ಗ ಉದ್ದ, ಕೋಡು ಎಡ, ಬಿಡಬ್ಯಾಡ, ಕುಡುಗೋಲು ಬಲ" — ಹೀಗೆ ಓದುತ್ತಿದ್ದೆ. ಬೇರೆ ಊರಿನಿಂದ ಬಂದವರು ನಗುತ್ತಿದ್ದರು. ಮುಂದೆ ಎಲ್ಲರೂ ತಿರುವಿನ ಕಠಿಣತೆಗೆ ಅಂಕಿ ಹಚ್ಚಿ ಓದುವ ಪದ್ಧತಿಗೆ ಬಂದಾಗ ನಾವೂ ಒಮ್ಮೆ ಪ್ರಯತ್ನಿಸಿದೆವು. ಶರಣಪ್ಪ ಅರ್ಧ ದಾರಿಯಲ್ಲೇ, "ಬ್ಯಾಡ್ಲೇ, ಅಂಕಿ ಕೇಳಿದ್ರ ಅಡತಿ ಅಂಗಡ್ಯಾಗ ಲೆಕ್ಕಕ್ಕ ಕುಂತಂಗ ಆಗ್ತದ. ಕುಡುಗೋಲಿಗಿ ಬಾ" ಎಂದ.

"ಲೇ" ಎಂದನಲ್ಲ, ಅದನ್ನೂ ಹೇಳಬೇಕು. ಹೆಲ್ಮೆಟ್ ಹಾಕಿಕೊಂಡರೆ ನಾನು ಅವನಿಗೆ ಲೇ. ಹೆಲ್ಮೆಟ್ ತೆಗೆದರೆ ಮಾಸ್ತರ್ರು, ಬರ್ರಿ, ಕೂಡ್ರಿ, ಚಾ ಕುಡೀರಿ. ಈ ಎರಡರ ನಡುವೆ ಅವನು ಒಂದು ಸಲವೂ ತಪ್ಪಲಿಲ್ಲ. ಲೇ ಎನಿಸಿಕೊಳ್ಳಲಿಕ್ಕೇ ನಾನು ರ‍್ಯಾಲಿಗೆ ಹೋಗುತ್ತಿದ್ದೆನೇನೋ ಎಂದು ಈಗ ಅನಿಸುತ್ತದೆ. ಆಗ ಹಾಗೇನೂ ಅನಿಸಿರಲಿಲ್ಲ. ಈಗಿನ ಅನಿಸಿಕೆಯನ್ನು ಆಗಿನ ಮನುಷ್ಯನಿಗೆ ತೊಡಿಸುವುದು ನೆನಪಿನ ಕೆಟ್ಟ ಚಟ.

ಹೊಸಬರು ಕಲಿಯಬೇಕಾದ ಇನ್ನೊಂದು ಸಂಗತಿ. ಓಟದ ದಾರಿಗಳ ನಡುವೆ ಸಾಮಾನ್ಯ ರಸ್ತೆಯಲ್ಲಿ, ಎತ್ತಿನ ಬಂಡಿ ಬಸ್ಸುಗಳ ಜೊತೆ ಸಾವಕಾಶ ಸಾಗಿ, ಸಮಯ ಬರೆದುಕೊಳ್ಳುವ ಮುಂದಿನ ಮೇಜಿಗೆ ಹೇಳಿದ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ತಡವಾದರೂ ದಂಡ, ಬೇಗ ಹೋದರೂ ದಂಡ. ಇದನ್ನು ನೋಡಿಕೊಳ್ಳುವುದು ನ್ಯಾವಿಗೇಟರನ ಕೆಲಸ. ಒಂದು ಸಲ ಆ ದಾರಿ ಅಫಜಲಪುರದ ಕಡೆ ಶರಣಪ್ಪನ ಹೆಂಡತಿ ನಾಗಮ್ಮನ ತವರೂರಿನ ಮೇಲೆ ಹಾದುಹೋಯಿತು. ಶರಣಪ್ಪನ ಅತ್ತೆ ರಸ್ತೆಗೆ ಅಡ್ಡ ಹೊರಸು ಮಂಚ ಹಾಕಿಸಿ ಅದರ ಮೇಲೆ ರೊಟ್ಟಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಅತ್ತಿ, ಇದು ರೇಸು. ಹೊರಸು ತಗೀರಿ" ಎಂದ ಶರಣಪ್ಪ.

"ರೇಸ್ ಇರವಲ್ದಾಕ. ಅಳಿಯ ಮನಿ ಮುಂದ ಹಾದ್ ಹೊಂಟಾನ, ನೀರ್ ಸೈತ ಕುಡೀದಂಗ ಹೋದ್ರ ಓಣ್ಯಾಗಿನ ಮಂದಿ ನನಗೇನಂತಾರ? ಮಾಸ್ತರ, ನೀವಾದ್ರೂ ಹೇಳ್ರಿ."

ನಾನು ಗಡಿಯಾರ ನೋಡಿದೆ. ಅವಳು ನನ್ನ ಗಡಿಯಾರದ ಮೇಲೆಯೇ ಒಂದು ರೊಟ್ಟಿ ಇಟ್ಟಳು. ತೊಡೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡು ಶೇಂಗಾ ಹಿಂಡಿ, ಮೊಸರು, ರೊಟ್ಟಿ ತಿಂದೆವು. ತಡವಾಗಿ ಮುಟ್ಟಿದೆವು. ಮೇಜಿನಲ್ಲಿದ್ದ ಹಿರಿಯ ಅಧಿಕಾರಿ ದೂರದ ಊರಿನವರು, ನಗು ಎಂಬುದನ್ನೇ ಅರಿಯದ ಮನುಷ್ಯ. ಕಾರಣ ಕೇಳಿದರು. ನಾನು "ಬೀಗರ ಊರು" ಎಂದೆ. ಅವರು ದಂಡ ಬರೆದರು. ಬರೆದು, ತಲೆಯೆತ್ತದೆ, "ಕಟ್ಟಿಸಿಕೊಂಡು ಬಂದಿಲ್ಲವೇ?" ಎಂದರು. ಬುಟ್ಟಿ ಕಾರಿನ ಹಿಂದೆಯೇ ಇತ್ತು. ಅವರು ರೊಟ್ಟಿ ತಿಂದರು. ದಂಡ ಹಾಗೆಯೇ ಉಳಿಯಿತು. ಕಟ್ಟುನಿಟ್ಟು ಎಂದರೆ ಏನೆಂದು ನಾನು ಅವರಿಂದ ಕಲಿತೆ.

ಇದನ್ನು ಕೇಳಿ ನಾಗಮ್ಮ ನಕ್ಕು ನಕ್ಕು ಸಾಕಾದಳು. ನಾನು ಅವಳನ್ನು ಅಕ್ಕಾ ಎನ್ನುತ್ತೇನೆ, ವಯಸ್ಸಿನಲ್ಲಿ ಚಿಕ್ಕವಳಾದರೂ. ನಗು ನಿಂತ ಮೇಲೆ ಅವಳು ಕೇಳಿದಳು: "ಅಲ್ರಿ ಅಣ್ಣಾರ, ನೀವಿಬ್ರೂ ಹೋಗ್ತೀರಿ, ಧೂಳ ಮೆತಗೊಂಡು ಬರ್ತೀರಿ. ಅಲ್ಲಿ ಏನ್ ಮಾಡ್ತೀರಂತ ನಾ ಒಮ್ಮಿನೂ ನೋಡಿಲ್ಲ."

ಅದಕ್ಕಾಗಿ ಒಮ್ಮೆ ಅವಳನ್ನು ಜೇವರ್ಗಿ ಸೀಮೆಯ ಒಂದು ದಾರಿಯ ಪಕ್ಕ, ಹೊಲದ ಒಡ್ಡಿನ ಮೇಲೆ ಕೂರಿಸಿ ಹೋದೆವು. ಅವಳು ಬೆಳಗಿನಿಂದ ಬಿಸಿಲಲ್ಲಿ ಕಾದಳು. ನಾವು ಬಂದೆವು, ಹೋದೆವು. ಸಂಜೆ ಕರೆದುಕೊಂಡು ಬರಲು ಹೋದಾಗ ಶರಣಪ್ಪ ಉತ್ಸಾಹದಿಂದ, "ಹ್ಯಾಂಗಿತ್ತು?" ಎಂದ.

"ಧೂಳು ಚೊಲೊ ಇತ್ತು" ಎಂದಳು ನಾಗಮ್ಮ.

ರ‍್ಯಾಲಿಯ ದೊಡ್ಡ ಕೊರತೆ ಅದು. ಒಳಗೆ ಕೂತ ಇಬ್ಬರಿಗೆ ಅದು ಇಡೀ ಜಗತ್ತು. ಹೊರಗೆ ನಿಂತವರಿಗೆ ಒಂದು ಸದ್ದು, ಒಂದಿಷ್ಟು ಧೂಳು. ನನಗೆ ಆಗ ಅದು ಕೊರತೆ ಎನಿಸಿರಲಿಲ್ಲ. ಆ ಪೆಟ್ಟಿಗೆಯೊಳಗೆ ಅವನೂ ನಾನೂ ಇಬ್ಬರೇ ಇರುವುದು ನನಗೆ ಬೇಕಾಗಿತ್ತು.

ಕಿವಿಯ ಸಂಗತಿ ಯಾವಾಗ ಶುರುವಾಯಿತೆಂದು ಸರಿಯಾಗಿ ಹೇಳಲಾರೆ. ಒಂದು ದಿನ ಅವನು, "ಜೋರs ಓದಲೇ" ಎಂದ. ಜೋರಾಗಿ ಓದಿದೆ. ಹೆಲ್ಮೆಟ್ಟಿನೊಳಗೆ ಮಾತಾಡುವ ಮೈಕು, ಕೇಳುವ ಸ್ಪೀಕರು ಇರುತ್ತವೆ. ಅವು ಕೆಟ್ಟಿವೆ ಎಂದು ಬದಲಿಸಿದೆವು. ತಂತಿ ಬದಲಿಸಿದೆವು. ಹೆಲ್ಮೆಟ್ ಬದಲಿಸಿದೆವು. ಸೈಲೆನ್ಸರ್ ಬಿರುಕು ಬಿಟ್ಟಿದೆ ಎಂದು ಬೆಸುಗೆ ಹಾಕಿಸಿದೆವು. ಗಾಡಿಯಲ್ಲಿ ಬದಲಿಸಬಹುದಾದದ್ದನ್ನೆಲ್ಲ ಬದಲಿಸಿದ ಮೇಲೆ, ಗಾಡಿ ಸರಿಯಾಗಿಯೇ ಇದೆ ಎಂಬುದು ಇಬ್ಬರಿಗೂ ತಿಳಿಯಿತು. ಇಬ್ಬರೂ ಹೇಳಲಿಲ್ಲ. ನಾವು ಗಾಡಿಯ ಜನ. ಮನುಷ್ಯನಲ್ಲಿ ದೋಷವಿದ್ದರೂ ಮೊದಲು ಬಾನೆಟ್ ಎತ್ತಿ ನೋಡುತ್ತೇವೆ.

ಕಲಬುರಗಿಯ ಡಾಕ್ಟರು ಎರಡೂ ಕಿವಿಗೆ ಯಂತ್ರ ಕೊಟ್ಟರು. ಎದುರಿಗೆ ಕೂತು ನಿಧಾನವಾಗಿ ಮಾತಾಡಿದರೆ ಅದರಿಂದ ನಡೆಯುತ್ತದೆ. ಇಂಜಿನ್ನಿನ ಗದ್ದಲದಲ್ಲಿ ಅದೂ ಬರೀ ಗುಂಯ್. ಅದರ ಮೇಲೆ ಹೆಲ್ಮೆಟ್ಟೂ ಕೂಡುವುದಿಲ್ಲ. ಶರಣಪ್ಪ, "ಇನ್ನ ರ‍್ಯಾಲಿ ಸಾಕು ಬಿಡ್ರಿ ಮಾಸ್ತರ" ಎಂದ. ನಾನೂ ಡ್ರೈವಿಂಗ್ ಸ್ಕೂಲನ್ನು ಬೇರೆಯವರಿಗೆ ವಹಿಸಿಕೊಟ್ಟೆ. ಇಬ್ಬರೂ ನಿವೃತ್ತರಾದೆವು ಎಂದುಕೊಂಡೆ.

ಆಮೇಲೆ ಒಂದು ಬೆಳಿಗ್ಗೆ ಅವನು ಸಣ್ಣ ಕಾರೊಂದನ್ನು ಓಡಿಸಿಕೊಂಡು ಆಳಂದಕ್ಕೆ ಬಂದ. ಹಳೆಯದು, ಗಾಜು ಕಿತ್ತು ತಂತಿ ಜಾಲರಿ ಹಾಕಿದ್ದು. ಚಾ ಕೊಟ್ಟೆ. ಕುಡಿಯುತ್ತ, "ಮಾಸ್ತರ, ನಿಮ್ಮ ಬಲ್ಲಿ ಪಾನಾ ಅವ ಅಲ್ರಿ?" ಎಂದ. ನಟ್ಟು ಬಿಚ್ಚುವ ಪಾನಾ ಅವನ ಕೊಳಕೂರಿನ ಮನೆಯಲ್ಲಿ ಇಲ್ಲದೆ ಏನು?

"ಏನ್ ಬಿಚ್ಚೋದದ?"

"ಚೌಡಾಪುರದ ಹಂತ್ಯಾಕ ಹುಡುಗ್ರು ರ‍್ಯಾಲಿಕ್ರಾಸ್ ಮಾಡ್ಲಾಕತ್ಯಾರ್ರಿ. ಅದ್ರಾಗ ಯಾರೂ ಏನೂ ಓದಂಗಿಲ್ಲ. ಒಬ್ಬs ಕೂಡೂದು." ಅವನು ಕಪ್ಪಿನೊಳಗೆ ನೋಡುತ್ತಿದ್ದ. "ಎಡಗಡಿ ಸೀಟು ತಗೀಬೇಕಂತ."

ಇಲ್ಲಿಂದ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಏನೂ ಮಾತಾಡದೆ ಪಾನಾ ತಂದು ನನ್ನ ಕೈಯಿಂದಲೇ ಸೀಟು ಬಿಚ್ಚುತ್ತೇನೆ, ಅವನು ದೂರ ನಿಂತಿರುತ್ತಾನೆ. ಇನ್ನೊಂದರಲ್ಲಿ ಇಬ್ಬರೂ ಬಗ್ಗಿ ಒಂದೊಂದು ಬದಿ ಹಿಡಿದು ತುಕ್ಕು ಹಿಡಿದ ನಟ್ಟನ್ನು ಬಯ್ಯುತ್ತ ನಗುತ್ತಿರುತ್ತೇವೆ. ಮೊದಲನೆಯದು ಹೆಚ್ಚು ಚೆಂದ. ಆದ್ದರಿಂದಲೇ ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಸೀಟು ಹೊರಬಂತು ಎಂಬುದಷ್ಟೇ ಎರಡರಲ್ಲೂ ಇದೆ.

ಚೌಡಾಪುರದ ಹತ್ತಿರ ಅಫಜಲಪುರ ರಸ್ತೆಯನ್ನು ನೇರ ಮಾಡಿದಾಗ ಹಳೆಯ ಡಾಂಬರಿನ ಒಂದು ಬಾಗಿದ ತುಂಡು ಪಕ್ಕಕ್ಕೆ ಉಳಿದಿತ್ತು. ಅದರ ಎರಡೂ ತುದಿಯನ್ನು ಬೀಳುಬಿಟ್ಟ ಎರೆ ಹೊಲದೊಳಗೆ ಹಾಯಿಸಿ ಸುತ್ತು ಮಾಡಿದ್ದರು. ಅರ್ಧ ಡಾಂಬರು, ಅರ್ಧ ಮಣ್ಣು. ಅಲ್ಲಿ ಉಳಿದಿದ್ದ ಹಳೆಯ ತೊಗರಿಯ ಕೂಳೆ ಟೈರಿಗೆ ಚುಚ್ಚುತ್ತದೆಂದು ಅದನ್ನೆಲ್ಲ ಬುಡಸಮೇತ ಕಿತ್ತಿದ್ದರು. ಸುತ್ತಲೂ ಒಡ್ಡು. ಒಡ್ಡಿನ ಮೇಲೆ ನಿಂತರೆ ಇಡೀ ದಾರಿ ಅಂಗೈಯ ಮೇಲಿಟ್ಟಂತೆ ಕಾಣುತ್ತದೆ.

ನಾನು ಅಲ್ಲಿಗೆ ಹೋದದ್ದು ತಿರಸ್ಕಾರದಿಂದ. ಕಾರುಗಳನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿ ಒಮ್ಮೆಗೇ ಬಿಡುತ್ತಾರೆ. ಒಂದನ್ನೊಂದು ತಳ್ಳುತ್ತವೆ, ಉಜ್ಜುತ್ತವೆ. ಡಾಂಬರಿನಿಂದ ಮಣ್ಣಿಗೆ ಇಳಿಯುವಾಗ ಗಾಲಿಯ ಹಿಡಿತ ತಪ್ಪಿ ಎಲ್ಲವೂ ಅಡ್ಡಡ್ಡ ತೇಲುತ್ತವೆ. ಚಾ ಆರುವುದರೊಳಗೆ ಓಟ ಮುಗಿಯುತ್ತದೆ, ಯಾರು ಗೆದ್ದರೆಂದು ಎಲ್ಲರಿಗೂ ಕಾಣುತ್ತದೆ. ಇದೇನು ಆಟ, ಕಾರಹುಣ್ಣಿಮೆಯ ಎತ್ತಿನ ಓಟದ ಹಾಗೆ, ಎಂದುಕೊಂಡೆ. ನನ್ನ ಪಕ್ಕ ನಿಂತ ಅಜ್ಜನೊಬ್ಬ ಅದನ್ನೇ ಮೆಚ್ಚಿ, "ಎತ್ತಿಗಿ ಬಾರಕೋಲ ಬೇಕು, ಇವಕ್ಕ ಅದೂ ಬ್ಯಾಡ" ಎಂದ.

ಅಲ್ಲಿ ಒಂದು ನಿಯಮವಿದೆ, ಅದು ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮುಖ್ಯ ಸುತ್ತಿನ ಪಕ್ಕಕ್ಕೆ ಸ್ವಲ್ಪ ಉದ್ದವಾದ ಇನ್ನೊಂದು ಸುತ್ತುದಾರಿ ಇರುತ್ತದೆ. ಅದಕ್ಕೆ ಜೋಕರ್ ಎಂದು ಹೆಸರು. ಪ್ರತಿ ಕಾರೂ ಓಟದಲ್ಲಿ ಒಮ್ಮೆ, ಒಮ್ಮೆ ಮಾತ್ರ, ಅದರೊಳಗೆ ಹೋಗಿ ಬರಲೇಬೇಕು. ಯಾವಾಗ ಎನ್ನುವುದು ಡ್ರೈವರನ ಇಷ್ಟ. ಮುಂದಿನವನು ದಾರಿ ಬಿಡದಿದ್ದಾಗ, ಜೋಕರಿನಲ್ಲಿ ಯಾರೂ ಇಲ್ಲದಾಗ ನುಗ್ಗಿದರೆ ಲಾಭ. ಒಳಗೆ ಕೂತವನಿಗೆ ಇದು ಕಾಣುವುದಿಲ್ಲ. ಬೇರೆಯವರಿಗೆ ಹೊರಗಿನಿಂದ ಒಬ್ಬ ರೇಡಿಯೊದಲ್ಲಿ ಹೇಳುತ್ತಾನೆ. ಶರಣಪ್ಪನಿಗೆ ಹೇಳುವುದು ಹೇಗೆ?

"ನಾ ಒಡ್ಡಿನ ಮ್ಯಾಲ ನಿಂತು ಬಿಳೀ ಟವೆಲ್ ಬೀಸ್ತೇನಿ. ಬೀಸಿದ್ ಕೂಡ್ಲೇ ಜೋಕರಿಗಿ ಹೋಗು" ಎಂದು ಕೈಸನ್ನೆ ಮಾಡಿ ತಿಳಿಸಿದೆ. ನನಗೆ ಮತ್ತೆ ಕೆಲಸ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದ್ದೆ.

ನಮ್ಮ ಕಡೆಯ ಗಂಡಸರ ಹೆಗಲ ಮೇಲೆ ಏನಿರುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ನನ್ನ ಹೆಗಲ ಮೇಲೂ ಅದೇ ಇದ್ದಾಗ ಹೊಳೆಯಬೇಕಿತ್ತು. ಶರಣಪ್ಪನ ಕಾರು ಸುತ್ತಿ ಬಂದಾಗ ಒಡ್ಡಿನ ಮೇಲಿದ್ದ ಊರಿಗೆ ಊರೇ ಬಿಳಿ ಟವೆಲ್ ತೆಗೆದು ಗಿರಗಿರ ಬೀಸಿ ಕೇಕೆ ಹಾಕಿತು. ಅವನು ವಿಧೇಯನಾಗಿ ಜೋಕರಿಗೆ ಹೋದ. ಮುಂದಿನ ಸುತ್ತಿಗೂ ಬೀಸಿದರು, ಮತ್ತೆ ಹೋದ. ನಾನು ಬೇಡ ಬೇಡ ಎಂದು ಟವೆಲ್ ಬೀಸಿದೆ. ಅದನ್ನೂ ನೋಡಿ ಹೋದ. ಮೈಕು ಹಿಡಿದು ಓಟ ವರ್ಣಿಸುತ್ತಿದ್ದವನಿಗೆ ಹಬ್ಬ.

"ಶರಣಪ್ಪ ಗೌಡ್ರು ಮತ್ತ ಜೋಕರಿಗಿ ಹೊಂಟ್ರು! ಒಂದs ಪ್ರದಕ್ಷಿಣಿ ಸಾಕ್ರೆಪ್ಪೋ, ಗೌಡ್ರು ಹರಕಿ ಹೊತ್ತಾರ ಕಾಣಸ್ತದ!"

ಇಳಿದು ಬಂದ ಶರಣಪ್ಪ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಬೆವರು ಒರೆಸಿಕೊಳ್ಳುತ್ತ ಕೇಳಿದ: "ಪ್ರತೀ ಸಲ ಯಾಕ ಕಳಸಿದ್ರಿ ಮಾಸ್ತರ? ಅಲ್ಲೇನು ಇಟ್ಟಿದ್ರಿ?"

ನಾನು ಉತ್ತರಿಸುವ ಮೊದಲೇ ನಾಗಮ್ಮ ನಗುತ್ತ ನೆಲಕ್ಕೆ ಕೂತುಬಿಟ್ಟಳು. ಅವಳೂ ಆ ದಿನ ಬಂದಿದ್ದಳು, ಒಡ್ಡಿನ ಮೇಲೆ ಇತರ ಹೆಂಗಸರ ಜೊತೆ ನಿಂತಿದ್ದಳು. ನಗು ಅರ್ಧಕ್ಕೇ ನಿಂತು ಅವಳ ಮುಖ ಬೇರೆಯಾಯಿತು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಅಣ್ಣಾರ, ಇಂವ ಗಾಡಿ ಹೊಡೀವಾಗ ಹಿಂಗ ಕಾಣ್ತಾನಂತ ನನಗ ಗೊತ್ತಿದ್ದಿಲ್ರಿ. ಹೆಗಲ ಎತ್ತತಾನ, ತುಟಿ ಕಡೀತಾನ. ಸಣ್ಣ ಕೂಸಿನಂಗ. ಇಷ್ಟ್ ವರ್ಷ ಇದನ್ನ ನೀವೊಬ್ರೇ ನೋಡ್ಲಾಕತ್ತಿದ್ರೇನ್ರಿ?"

ಹೌದು, ನಾನೊಬ್ಬನೇ ನೋಡಿದ್ದೆ ಎನ್ನಬೇಕೆಂದುಕೊಂಡೆ. ಆದರೆ ನಾನು ನೋಡಿರಲಿಲ್ಲ. ನ್ಯಾವಿಗೇಟರ್ ತಲೆ ಎತ್ತುವುದಿಲ್ಲ. ಕಣ್ಣು ತೊಡೆಯ ಮೇಲಿನ ಹಾಳೆಯಲ್ಲಿರುತ್ತದೆ. ಅಷ್ಟು ವರ್ಷ ಅವನ ಪಕ್ಕ ಕೂತಿದ್ದೆ, ಅವನು ತುಟಿ ಕಚ್ಚುತ್ತಾನೆಂದು ಅವಳಿಂದ ತಿಳಿಯಿತು. ಹೊಸಬರಿಗೆ ರ‍್ಯಾಲಿಕ್ರಾಸಿನ ಆಕರ್ಷಣೆ ಏನೆಂದು ಕೇಳಿದರೆ ನಾನು ಹೇಳುವುದು ಇಷ್ಟೇ: ಅಲ್ಲಿ ಮನೆಯವರಿಗೆ ಮನುಷ್ಯ ಕಾಣುತ್ತಾನೆ. ರ‍್ಯಾಲಿಯಲ್ಲಿ ಮುಂದೆ ಬರುವುದನ್ನು ಓದಿ ಹೇಳುವವನೊಬ್ಬನಿರುತ್ತಾನೆ, ಅದರ ಸುಖವೇ ಬೇರೆ, ಅದನ್ನು ನಾನು ಬಿಟ್ಟುಕೊಡಲಾರೆ. ಆದರೆ ಯಾರೂ ನೋಡದ ಸುಖ ಅದು.

ಮುಂದಿನ ಓಟಕ್ಕೆ ನಾಗಮ್ಮ ಮನೆಯಿಂದ ಕೌದಿ ತಂದಳು. ಹಳೆಯ ಸೀರೆಗಳ ತುಂಡು ಸೇರಿಸಿ ಅವಳೇ ಹೊಲಿದದ್ದು. ಹಳದಿ, ಕೆಂಪು, ಗಿಳಿ ಹಸಿರು. "ಇದನ್ನ ಯಾರೂ ಹೆಗಲ ಮ್ಯಾಲ ಹಾಕ್ಕೊಂಡ್ ಬರಂಗಿಲ್ಲ" ಎಂದಳು. ಅದನ್ನು ಒಬ್ಬರೇ ಎತ್ತಿ ಹಿಡಿಯಲು ಆಗುವುದಿಲ್ಲ. ಒಂದು ತುದಿ ಅವಳು ಹಿಡಿದಳು, ಇನ್ನೊಂದು ನನಗೆ ಕೊಟ್ಟಳು.

ಕಾರುಗಳು ಬಿಟ್ಟವು. ಶರಣಪ್ಪನ ಮುಂದೆ ಕೆಂಪು ಕಾರೊಂದು ಸಿಕ್ಕಿಕೊಂಡು ಅವನನ್ನು ಬಿಡಲೊಲ್ಲದು. ಇನ್ನೂ ಒಂದು ಸುತ್ತು ನೋಡೋಣ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

"ಎತ್ರಿ" ಎಂದಳು ನಾಗಮ್ಮ.

"ತಡೀರಿ ಅಕ್ಕಾ, ಇನ್ನs..."

"ಏನ್ ತಡೀತೀರಿ? ಅಂವ ದಾರಿ ಬಿಡವಲ್ಲ. ಹಿಂದ ನಿಂತು ಧೂಳ ತಿನ್ನೂದ್ಯಾಕ? ಅಲ್ಲಿ ಖಾಲಿ ಅದ ನೋಡ್ರಿ. ಎತ್ರೀ ಅಂದ್ರ!"

ಅವಳ ತುದಿ ಆಗಲೇ ಮೇಲಿತ್ತು. ಕೌದಿ ಓರೆಯಾಗಿ ಜೋತಿತ್ತು. ನಾನು ಯೋಚನೆ ಬಿಟ್ಟು, ಅವಳು ಹೇಳಿದಂತೆ, ಎತ್ತಿದೆ. ಶರಣಪ್ಪ ಜೋಕರಿಗೆ ತಿರುಗಿದ, ಖಾಲಿ ದಾರಿಯಲ್ಲಿ ಹಾರಿ ಬಂದ, ಕೆಂಪು ಕಾರಿನ ಮುಂದೆಯೇ ಹೊರಬಿದ್ದ. ನಾಗಮ್ಮ ಕೌದಿಯನ್ನೂ ನನ್ನನ್ನೂ ಬಿಟ್ಟು ಒಡ್ಡಿನ ಮೇಲೆ ಓಡಿದಳು, ಕಾರಿನ ಜೊತೆಗೇ ಓಡುವವಳಂತೆ. ಎಷ್ಟನೆಯವನಾಗಿ ಬಂದನೆಂದು ಬರೆಯುವುದಿಲ್ಲ. ಅದು ಅವರಿಬ್ಬರಿಗೂ ಮುಖ್ಯವಾಗಿರಲಿಲ್ಲ.

ಈಗಲೂ ಹೋಗುತ್ತೇವೆ. ಯಾವಾಗ ಎತ್ತಬೇಕೆಂದು ಹೇಳುವವಳು ನಾಗಮ್ಮ. ನಾನು ಕೇಳುವವನು.

ಮೊದಲ ಸಲ ಕೌದಿ ಎತ್ತಿದ ಆ ದಿನ ಓಟ ಮುಗಿದ ಮೇಲೆ, ಬೇವಿನ ಗಿಡದ ನೆರಳಲ್ಲಿ ಬುತ್ತಿ ಬಿಚ್ಚಿದಾಗ, ನಾನು ನಾಗಮ್ಮನನ್ನು ಕೇಳಿಯೇಬಿಟ್ಟೆ. "ಅಕ್ಕಾ, ಇವಗ ಕಿವಿ ಯಾವಾಗಿಂದ ಕೇಳಸ್ತಿದ್ದಿಲ್ಲ?"

"ಕುಕ್ಕರ್ ತಂದ ವರ್ಷದಿಂದ್ರಿ. ಸೀಟಿ ಹೊಡದು ಹೊಡದು ಬ್ಯಾಳಿ ಸೀದರೂ ಹಂತ್ಯಾಕ ಕುಂತಂವ ಎದ್ದು ನೋಡ್ಲಿಲ್ಲ. ಆವಾಗs ನನಗ ಗೊತ್ತಾಯ್ತು."

"ಕುಕ್ಕರ್ ಯಾವಾಗ ತಂದ್ರಿ?"

"ಅದ್ಯಾರಿಗಿ ನೆನಪದರಿ? ನಿಮ್ಮ ರೇಸು ಭಾಳ ಜೋರಿತ್ತು ಆವಾಗ."

ನಮ್ಮ ರೇಸು ಜೋರಾಗಿದ್ದ ಕಾಲವೆಂದರೆ, ಓದಿನಲ್ಲಿ ನಾನಾಗಲಿ ತಿರುವಿನಲ್ಲಿ ಅವನಾಗಲಿ ತಪ್ಪೇ ಮಾಡದ ಕಾಲ. ನಾನು ಓದಿದೆ, ಅವನು ತಿರುಗಿಸಿದ ಎಂದು ನಾನು ಇಂದಿಗೂ ಹೇಳಿಕೊಳ್ಳುವ ಕಾಲ.

"ನನಗ್ಯಾಕ ಹೇಳ್ಲಿಲ್ಲ ಅಕ್ಕಾ?"

"ಹೇಳ್ಬ್ಯಾಡ ಅಂದಿದ್ದ. ಮಾಸ್ತರ ಗಾಡಿ ಇಳದು ಹೋಗ್ತಾರ ಅಂದಿದ್ದ."

ಶರಣಪ್ಪ ನಮ್ಮ ತುಟಿಗಳನ್ನು ನೋಡುತ್ತಿದ್ದ. ಏನು ಮಾತೆಂದು ಅವನಿಗೆ ತಿಳಿದಿತ್ತು. "ಸುಳ್ಳ ಹೇಳ್ತಾಳ್ರಿ. ಕುಕ್ಕರ್ ಸುದ್ದಿ ಬ್ಯಾರೆ, ನನಗ ಬ್ಯಾಳಿ ಸೇರಂಗಿಲ್ಲ ಅದಕ್ಕ ಏಳ್ಲಿಲ್ಲ. ಕಿವಿ ಹೋಗಿದ್ದು ಭಾಳ ತಡಾ ಆಗಿ. ಹೊಸಾ ಇಂಜಿನ್ ಕೂಡಿಸಿದ ಮ್ಯಾಲ."

"ಹೊಸಾ ಇಂಜಿನ್ನಿನ ಸದ್ದು ನಿನಗ ಹೆಂಗಿತ್ತು ಹೇಳು ನೋಡೂಣು?" ಎಂದಳು ನಾಗಮ್ಮ. ಅವನು ಮೊಸರು ಸುರಿದುಕೊಂಡ.

ಊಟ ಮುಗಿಸಿ ಕೈ ತೊಳೆಯುವಾಗ, ನಾನು ಅವನ ಎದುರಿಗೆ ನಿಂತು, ಅವನಿಗೆ ತುಟಿ ಕಾಣುವಂತೆ, ಒಂದೊಂದೇ ಮಾತು ಹೇಳಿದೆ. "ಶರಣಪ್ಪ, ನಾ ಓದಿದ್ದು ನಿನಗ ಕೇಳಸ್ತಿತ್ತೇನು?"

ಅವನು ತಂಬಿಗೆ ಕೆಳಗಿಟ್ಟು ಕೈ ಒರೆಸಿಕೊಂಡ.

"ನಿಮ್ಮ ಧ್ವನಿ ಹೆಲ್ಮೆಟ್ಟಿನ್ಯಾಗ ಇರ್ತಿತ್ರಿ ಮಾಸ್ತರ" ಎಂದ. "ಎಡಾ ಅಂದ್ರೋ ಬಲಾ ಅಂದ್ರೋ, ಅದು ಕೆಲವೊಮ್ಮಿ ತಿಳೀತಿತ್ತು, ಕೆಲವೊಮ್ಮಿ ಇಲ್ಲ. ಖರೇ ಹೇಳ್ತೇನಿ, ಆ ಧ್ವನಿ ಗುಂಯ್ ಅಂತ ಇದ್ರ ಕಾಲು ತಾನs ಎಕ್ಸಲೇಟರ್ ಒತ್ತತಿತ್ತು. ಅದು ನಿಂತ್ರ ಬಿಡ್ತಿತ್ತು. ಇಷ್ಟs ನನಗ ಗೊತ್ತಿರೋದು."

ಇದನ್ನು ಅವನು ಹೆಲ್ಮೆಟ್ ಇಲ್ಲದಾಗ ಹೇಳಿದ್ದು, ಆದ್ದರಿಂದ ಮರ್ಯಾದೆಯಿಂದ ಹೇಳಿದ. ಹೆಲ್ಮೆಟ್ಟಿನೊಳಗೆ ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತೋ ಏನೋ. ಆಮೇಲೆಯೂ ಒಂದೆರಡು ಸಲ ಕೇಳಿದ್ದೇನೆ. ಒಮ್ಮೆ "ಎಲ್ಲಾ ಕೇಳಸ್ತಿತ್ರಿ" ಎಂದ. ಇನ್ನೊಮ್ಮೆ ನಕ್ಕು ಬೇರೆ ಮಾತು ತೆಗೆದ. ಅವನು ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾನೋ, ಅವನಿಗೇ ನೆನಪಿಲ್ಲವೋ, ಅಥವಾ ಆ ವೇಗದಲ್ಲಿ ಕೇಳುವುದಕ್ಕೂ ಊಹಿಸುವುದಕ್ಕೂ ನಡುವಿನ ಗೆರೆ ಯಾರಿಗೂ ಕಾಣುವುದಿಲ್ಲವೋ, ನಾನು ತೀರ್ಮಾನಿಸಲಾರೆ. ಹೊಸದಾಗಿ ಎಡಗಡೆ ಕೂಡುವವರಿಗೆ ನಾನು ಹೇಳಬಹುದಾದದ್ದು, ಓದುವುದನ್ನು ನಿಲ್ಲಿಸಬೇಡಿ ಎಂದಷ್ಟೇ. ನಾನು ಓದಿದ್ದರಲ್ಲಿ ಎಷ್ಟು ಅವನಿಗೆ ಮುಟ್ಟಿತು, ನನಗೆ ಗೊತ್ತಿಲ್ಲ.